ಯಾರನ್ನು ಹಿಡಿದರೆ ಆಗುತ್ತದೆ?

ವಾಷಿಂಗ್ಟನ್ ಡಿ.ಸಿ.ಯ ಶಾಲಾ ಲಾಟರಿಯ ಫಲಿತಾಂಶ ಮಾರ್ಚ್ ಕೊನೆಗೆ ಬಂತು. ನಮ್ಮ ಮಗಳಿಗೆ ನಾವು ಬಯಸಿದ ಚಾರ್ಟರ್ ಶಾಲೆಯ ಕಾಯುವ ಪಟ್ಟಿಯಲ್ಲಿ 87ನೆಯ ಸ್ಥಾನ. ಸಂಜೆ ದಾವಣಗೆರೆಯಿಂದ ಫೋನು ಮಾಡಿದ ಭಾವ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ‘ಅದೆಲ್ಲ ಸರಿ, ಅಲ್ಲಿ ಯಾರನ್ನು ಹಿಡಿದರೆ ಆಗುತ್ತದೆ?’ ಎಂದರು. ನನಗೆ ಚುರುಕ್ಕೆಂದಿತು. ಅರ್ಧ ಗಂಟೆ ಮೊದಲು ನಾನೂ ಅದನ್ನೇ ಯೋಚಿಸಿದ್ದೆ.

ಚಾರ್ಟರ್ ಶಾಲೆಗಳು ಸರ್ಕಾರದ ಹಣದಲ್ಲಿ, ತಮ್ಮದೇ ಆಡಳಿತ ಮಂಡಳಿಯಡಿ ನಡೆಯುತ್ತವೆ. ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ. ಇಲ್ಲಿನ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಓದುವುದು ಅವುಗಳಲ್ಲೇ. ಸೀಟು ಹಂಚುವ ಲಾಟರಿಗೆ ತಂದೆತಾಯಿ ಹೆಚ್ಚೆಂದರೆ 12 ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ಆದ್ಯತೆ ಉಂಟು, ಉಳಿದದ್ದು ಗಣಕ ಎತ್ತುವ ಸಂಖ್ಯೆ. ಮನಸ್ಸಿನಲ್ಲಿರುವ ಕ್ರಮವನ್ನೇ ಬರೆಯುವವರಿಗೆ ನಷ್ಟವಾಗದಂತೆ ಈ ವ್ಯವಸ್ಥೆಯನ್ನು ಹೆಣೆದಿದ್ದಾರೆ. ಆದರೂ ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೋಳಿಗೆ ಆರುವವರೆಗೂ ‘ಮೊದಲನೆಯದಾಗಿ ಯಾವುದನ್ನು ಬರೆದಿರಿ?’ ಎಂಬ ವಿಚಾರಣೆಯೇ ನಡೆದಿತ್ತು.

ಬಡಾವಣೆಯ ಮಾಧ್ಯಮಿಕ ಶಾಲೆ ಸಾಮಾನ್ಯವಾಗಿ ಆರನೆಯ ತರಗತಿಯಿಂದ ಶುರುವಾದರೆ, ಜನ ಮುಗಿಬೀಳುವ ಕೆಲವು ಚಾರ್ಟರ್‌ಗಳು ಐದನೆಯದಕ್ಕೇ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಹಾಗಾಗಿ ಮಗು ನಾಲ್ಕರಲ್ಲಿರುವಾಗಲೇ ತೀರ್ಮಾನಿಸಬೇಕು; ಕಾದು ನೋಡೋಣವೆಂದರೆ ಗೆಳತಿಯರೆಲ್ಲ ಹೋಗಿ ತರಗತಿ ಬರಿದಾಗಿರುತ್ತದೆ.

ಇದೇ ಭಾವ ಮಗನ ಸೀಟಿಗಾಗಿ ಶಾಸಕರ ಪತ್ರ ತಂದು, ರಸೀದಿಯಿಲ್ಲದ ಡೊನೇಷನ್ ಕೊಟ್ಟು, ಗೆದ್ದ ಖುಷಿಯಲ್ಲಿ ಬೀದಿಗೆಲ್ಲ ಪೇಢೆ ಹಂಚಿದ್ದರು. ಯಾರ ಕೋಣೆಯ ಮುಂದೆಯೂ ಕೈಕಟ್ಟಿ ನಿಲ್ಲಿಸದ ಈ 87 ನನಗೆ ಆ ಪೇಢೆಗಿಂತ ಹಿತವೆನಿಸಿತು. ಹಾಗೆಂದು ತುಸು ಗರ್ವದಿಂದಲೇ ಅವರಿಗೆ ಹೇಳಿದೆ.

ನಮ್ಮ ಕರ್ನಾಟಕದಲ್ಲೂ ಲಾಟರಿ ಇಲ್ಲದಿಲ್ಲ. ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಅಡಿ ಹಾಗೆಯೇ ಹಂಚುತ್ತಿದ್ದರು; ಹತ್ತಿರದಲ್ಲಿ ಸರ್ಕಾರಿ ಶಾಲೆಯಿದ್ದರೆ ಆ ಸೌಲಭ್ಯವಿಲ್ಲವೆಂದು 2019ರಲ್ಲಿ ನಿಯಮ ಬದಲಾದ ಮೇಲೆ ಅದು ಹೆಸರಿಗಷ್ಟೇ ಉಳಿಯಿತು. ಇನ್ನು ಇಲ್ಲಿ, ರಾಕ್ ಕ್ರೀಕ್ ಉದ್ಯಾನದ ಪಶ್ಚಿಮಕ್ಕೆ ಮನೆ ಕೊಳ್ಳಬಲ್ಲವರಿಗೆ ಹೆಸರುವಾಸಿ ಮಾಧ್ಯಮಿಕ ಶಾಲೆ ವಿಳಾಸದ ಬಲದಿಂದಲೇ ದಕ್ಕುತ್ತದೆ. ಡೊನೇಷನ್ ಮನೆಯ ಬೆಲೆಯೊಳಗೇ ಸೇರಿಕೊಂಡಿದೆ, ಅಷ್ಟೇ. ಇದನ್ನು ಭಾವನಿಗೆ ಹೇಳಿಲ್ಲ. ಅವರು ಪ್ರತಿ ಭಾನುವಾರ ಫೋನು ಮಾಡಿ ಸಂಖ್ಯೆ ಎಷ್ಟಕ್ಕೆ ಇಳಿಯಿತೆಂದು ಕೇಳುತ್ತಾರೆ; ಮೊನ್ನೆ 61 ಎಂದೆ.