ಮೊದಲು ನಡುಗೆರೆ ಎಳೀರಿ, ಗೊಂಬೆ ಆಮೇಲೆ ತರೋಣ

ಎಡ-ಬಲ ಸಮನಾಗಿರೋ, ಅಚ್ಚುಕಟ್ಟಾದ ತೋಟ ಬೇಕು ಅಂತ ಹೊರಟವರು ಮೊದಲು ಮಾಡೋ ಕೆಲಸ ಕಾರಂಜಿ ಆರಿಸೋದು. ಅದರ ಹಿಂದೆ ಎರಡು ಸಿಂಹ, ನಾಲ್ಕು ದೊಡ್ಡ ಕುಂಡ, ಒಂದು ಕಮಾನು ಬರುತ್ತೆ. ಎಲ್ಲಾ ಬಂದು ಅಂಗಳದಲ್ಲಿ ಕೂತ ಮೇಲೆ "ಇವನ್ನೆಲ್ಲ ಎಲ್ಲಿಡೋದು?" ಅನ್ನೋ ಚರ್ಚೆ ಶುರು. ನನ್ನ ಪ್ರಕಾರ ಇದು ಪೂರ್ತಿ ತಲೆಕೆಳಗು. ಇಂಥ ತೋಟದಲ್ಲಿ ಮೊದಲು ತೀರ್ಮಾನ ಆಗಬೇಕಾದ್ದು, ಅದನ್ನ ನೀವು ದಿನಾ ಎಲ್ಲಿಂದ ನೋಡ್ತೀರಿ ಅನ್ನೋದು.

ಬಾಗಿಲಿಂದಲೋ, ಹಾಲ್ ಕಿಟಕಿಯಿಂದಲೋ, ಮಹಡಿ ಮೇಲಿಂದಲೋ? ಹೆಚ್ಚು ಹೊತ್ತು ಕಣ್ಣು ಹಾಯೋ ಜಾಗದಿಂದ ನೇರಕ್ಕೆ ಒಂದು ಗೆರೆ ಎಳೀರಿ. ಅದೇ ತೋಟದ ನಡುಗೆರೆ. ಬಹಳ ಜನ ಜಾಗದ ಅಗಲ ಅಳೆದು ಅರ್ಧ ಮಾಡಿಬಿಡ್ತಾರೆ. ಆದರೆ ಬಾಗಿಲು ಜಾಗದ ನಟ್ಟನಡುವೆ ಇರೋದು ಅಪರೂಪ. ಹಾಗಾಗಿ ಕಾಗದದ ಮೇಲೆ ಸಮ ಬಂದ ತೋಟ, ಹೊಸ್ತಿಲಲ್ಲಿ ನಿಂತು ನೋಡಿದರೆ ಒಂದು ಪಕ್ಕಕ್ಕೆ ಜಾರಿದ ಹಾಗೆ ಕಾಣುತ್ತೆ. ಗೆರೆ ಬಾಗಿಲಿಗೆ ನೇರ ಬರಲಿ. ಒಂದು ಬದಿಗೆ ಮಿಕ್ಕ ಜಾಗವನ್ನ ಎತ್ತರದ ಹೆಡ್ಜ್ (ಕತ್ತರಿಸಿ ಬೆಳೆಸಿದ ಗಿಡದ ಬೇಲಿ) ಹಿಂದೆ ಮರೆಮಾಡಿ. ಪೈಪು, ಗೊಬ್ಬರದ ಗುಂಡಿ, ಒಡೆದ ಕುಂಡಗಳಿಗೂ ಒಂದು ಮೂಲೆ ಬೇಕೇ ಬೇಕಲ್ಲ!

"ನಮ್ಮ ಜಾಗ ಸೊಟ್ಟ, ನಮಗಿದೆಲ್ಲ ಆಗಲ್ಲ" ಅನ್ನೋರಿಗೆ ನಾನು ತೋರಿಸೋದು ಇಂಗ್ಲೆಂಡಿನ ಸಿಸ್ಸಿಂಗ್‌ಹರ್ಸ್ಟ್ ತೋಟ. 1930ರಲ್ಲಿ ಹೆರಾಲ್ಡ್ ನಿಕೊಲ್ಸನ್ ಮತ್ತು ವೀಟಾ ಸ್ಯಾಕ್‌ವಿಲ್-ವೆಸ್ಟ್ ದಂಪತಿ ಅದನ್ನ ಕೊಂಡಾಗ ಅಲ್ಲಿದ್ದ ಹಳೇ ಗೋಡೆಗಳು ಒಂದಕ್ಕೊಂದು ನೇರಕ್ಕೇ ಇರಲಿಲ್ಲ. ನಿಕೊಲ್ಸನ್ ಹೆಡ್ಜು, ದಾರಿಗಳನ್ನ ಎಳೆದ ರೀತಿಗೆ ಆ ಸೊಟ್ಟ ಕಣ್ಣಿಗೆ ಬೀಳೋದೇ ಇಲ್ಲ. ಆ ಬಿಗಿ ಚೌಕಟ್ಟಿನ ಒಳಗೆ ವೀಟಾ ಗಿಡಗಳನ್ನ ಧಾರಾಳವಾಗಿ, ಉಕ್ಕಿ ಹರಿಯೋ ಹಾಗೆ ಬೆಳೆಸಿದರು. ನನಗೆ ಇಷ್ಟವಾಗೋ ದಾರಿಯೂ ಇದೇ. ದಾರಿ, ಹೆಡ್ಜು ಕಟ್ಟುನಿಟ್ಟಾಗಿರಲಿ, ಪಾತಿಯೊಳಗಿನ ಹೂಗಳಿಗೆ ಸ್ವಲ್ಪ ಸಲುಗೆ ಕೊಡಿ. ಎಡಗಡೆ ಎಷ್ಟು ಹೂವಿದೆಯೋ ಬಲಗಡೆಯೂ ಅಷ್ಟೇ ಇರಬೇಕು ಅನ್ನೋದು ಗೀಳು.

ಕಣ್ಣಿಗೆ ಮೋಸ ಮಾಡೋದರಲ್ಲಿ ಗುರು ಅಂದ್ರೆ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ತೋಟ ರೂಪಿಸಿದ ಆಂದ್ರೆ ಲ ನೋತ್ರ್ (1613–1700). ಅದಕ್ಕೂ ಮುಂಚೆ ಆತ ಮಾಡಿದ ವೋ-ಲ-ವಿಕೋಂತ್ ತೋಟದಲ್ಲಿ ದೂರದ ಕೊಳ ಹತ್ತಿರದ್ದಕ್ಕಿಂತ ಬಹಳ ದೊಡ್ಡದು. ದೂರದ್ದು ಚಿಕ್ಕದಾಗಿ ಕಾಣುತ್ತಲ್ಲ, ಆ ಲೆಕ್ಕವನ್ನ ಮೊದಲೇ ಹಾಕಿಟ್ಟಿದ್ದ. ಅಡ್ಡಡ್ಡಕ್ಕೆ ಒಂದು ದೊಡ್ಡ ಕಾಲುವೆಯೇ ಇದ್ದರೂ ಅರಮನೆ ಮೆಟ್ಟಿಲಿಂದ ಕಾಣಲ್ಲ, ಹತ್ತಿರ ಹೋದಾಗಲೇ ಎದುರಾಗುತ್ತೆ. ಮನೆ ತೋಟಕ್ಕೆ ಇದನ್ನೇ ಉಲ್ಟಾ ಬಳಸಬಹುದು. ನಡುದಾರಿ ಆ ತುದಿಗೆ ಹೋಗ್ತಾ ಸ್ವಲ್ಪ ಕಿರಿದಾಗಲಿ, ಕೊನೇ ಕುಂಡ ಮುಂದಿನವಕ್ಕಿಂತ ಸಣ್ಣದಿರಲಿ. ಗಿಡ್ಡ ತೋಟ ಉದ್ದ ಕಾಣುತ್ತೆ. ಅತಿ ಮಾಡಿದರೆ ಮಾತ್ರ ಸಿಕ್ಕಿಬೀಳ್ತೀರಿ, ಯಾಕಂದ್ರೆ ಆ ತುದಿಯಿಂದ ವಾಪಸ್ ನೋಡಿದಾಗ ತೋಟ ಇನ್ನೂ ಗಿಡ್ಡ!

ಗುರುತು ಹಾಕೋಕೆ ಗೂಟ, ದಾರ, ಸುಣ್ಣದ ಪುಡಿ ಸಾಕು. ಮೂಲೆಯ ಗೂಟದಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿಯಾಗಿ 90 ಡಿಗ್ರಿ ಇದೆ. ದೊಡ್ಡ ಪಾತಿಗೆ 6, 8, 10 ಹಿಡೀರಿ. ನಾಲ್ಕೂ ಗೂಟ ಹೊಡೆದ ಮೇಲೆ ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಅಳತೆ ಒಂದೇ ಬರಬೇಕು. ಇಲ್ಲಿ ನಾಲ್ಕು ಬೆರಳು ತಪ್ಪಿದರೆ, ಹೆಡ್ಜ್ ಬೆಳೆದ ಮೇಲೆ ಅದು ಎದ್ದು ಕಾಣುತ್ತೆ. ಕಾಡುತೋಟದಲ್ಲಿ ಯಾರ ಗಮನಕ್ಕೂ ಬಾರದ ತಪ್ಪು ಇಲ್ಲಿ ಕ್ಷಮೆಯಿಲ್ಲದ್ದು. ನಡುದಾರಿ 4 ಅಡಿ ಇದ್ದರೆ ಇಬ್ಬರು ಜೊತೆಯಾಗಿ ನಡೀಬಹುದು. ಪಕ್ಕದ ಹೆಡ್ಜ್ ಮುಂದೆ ದಾರಿಗೆ ಚಾಚಿಕೊಳ್ಳೋ ಜಾಗವನ್ನ ಬೇರೆ ಸೇರಿಸಿ.

ಗಿಡಗಳ ವಿಷಯಕ್ಕೆ ಬಂದರೆ, ಒಂದೇ ಮಡಿಯಲ್ಲಿ ಬೆಳೆದ, ಒಂದೇ ವಯಸ್ಸಿನ ಸಸಿಗಳನ್ನೇ ತನ್ನಿ, ನಾಲ್ಕು ಹೆಚ್ಚಿಗೇ ತಂದು ಹಿಂದೆಲ್ಲೋ ನೆಟ್ಟಿಡಿ. ಸಾಲಲ್ಲಿ ಒಂದು ಸತ್ತರೆ ಅದೇ ಎತ್ತರದ್ದು ಆಮೇಲೆ ಸಿಗಲ್ಲ. ಮನೆ ನೆರಳು ಬೀಳೋ ಬದಿ ಹೇಗೂ ನಿಧಾನ ಬೆಳೆಯುತ್ತೆ, ಹಾಗಾಗಿ ಚುರುಕಾದ ಬದಿಯನ್ನ ಕತ್ತರಿಸಿ ಆ ಎತ್ತರಕ್ಕೆ ತನ್ನಿ. ಹೆಡ್ಜಿನ ಬುಡ ಅಗಲ, ತಲೆ ಕಿರಿದಾಗಿರಲಿ. ಗೋಡೆ ಥರ ನೇರ ಕತ್ತರಿಸಿದರೆ ಬರಬರ್ತಾ ಮೇಲ್ಭಾಗವೇ ಉಬ್ಬಿ, ಕೆಳಗಿನ ಎಲೆಗೆ ಬೆಳಕು ಸಿಗದೆ ಬುಡ ಬೋಳಾಗುತ್ತೆ. ಇಡೀ ತೋಟಕ್ಕೆ ಒಂದೇ ಜಾತಿ ನೆಚ್ಚಿಕೊಳ್ಳೋದಕ್ಕೂ ನನ್ನ ತಕರಾರಿದೆ. ಯುರೋಪಿನಲ್ಲಿ ಶತಮಾನಗಳಿಂದ ಹೆಡ್ಜ್ ಅಂದ್ರೆ ಸಣ್ಣೆಲೆಯ ಪೊದೆಗಿಡ ಬಾಕ್ಸ್‌ವುಡ್. ಒಂದು ಶಿಲೀಂಧ್ರ ರೋಗ, ಅದರ ಹಿಂದೆಯೇ ಪೂರ್ವ ಏಷ್ಯಾದಿಂದ ಬಂದ ಒಂದು ಪತಂಗದ ಹುಳ, ಎರಡೂ ಸೇರಿ ಅಲ್ಲಿನ ಎಷ್ಟೋ ಹಳೇ ತೋಟಗಳನ್ನ ಬೋಳಿಸಿವೆ. ಹೊರಗಿನ ಹೆಡ್ಜಿಗೆ ಒಂದು, ಪಾತಿಯ ಅಂಚಿಗೆ ಇನ್ನೊಂದು ಜಾತಿ ಇದ್ದರೆ ಒಂದಾದರೂ ಉಳಿದೀತು.

ಈಗ ಅಲಂಕಾರ. ನಡುಗೆರೆ ಮೇಲೆ ಕಣ್ಣು ನಿಲ್ಲೋ ವಸ್ತು ಒಂದೇ ಇರಲಿ. ಅದು ನಡುವೆ ಇರಬೇಕೋ ತುದಿಯಲ್ಲೋ ಅನ್ನೋದು ನಿಮ್ಮಿಷ್ಟ. ದೆಹಲಿಯ ಹುಮಾಯೂನ್ ಸಮಾಧಿ ನಾಲ್ಕು ಭಾಗ ಮಾಡಿದ ತೋಟ, ಅಂದ್ರೆ ಚಾರ್‌ಬಾಗ್‌ನ ನಡುವೆ ಇದೆ. ತಾಜ್‌ಮಹಲ್ ತೋಟದ ಆ ತುದಿಗೆ ಸರಿದಿದೆ, ನಡುವೆ ನೀರಿನ ತೊಟ್ಟಿ. ಎರಡೂ ಸೊಗಸು. ಆದರೆ ನಡುವೆ ಕಾರಂಜಿ, ತುದಿಗೆ ಪ್ರತಿಮೆ, ಆಚೀಚೆ ಸಿಂಹ, ಮೇಲೊಂದು ಕಮಾನು ಅಂದ್ರೆ ಕಣ್ಣು ಎಲ್ಲೂ ಕೂರಲ್ಲ.

ಕಾರಂಜಿಯೇ ಬೇಕು ಅಂದ್ರೆ ನೀರು ಚಿಮ್ಮೋ ಎತ್ತರ ತೊಟ್ಟಿಯ ಅಗಲದ ಅರ್ಧ ಮೀರದಿರಲಿ, ಇಲ್ಲದಿದ್ದರೆ ಗಾಳಿ ಬಂದಾಗೆಲ್ಲ ದಾರಿ ಒದ್ದೆ, ತೊಟ್ಟಿ ಖಾಲಿ. ವರ್ಸೇಲ್ಸ್‌ನಲ್ಲೇ ನೀರು ಸಾಲದೆ ಎಲ್ಲ ಕಾರಂಜಿ ಒಟ್ಟಿಗೆ ಬಿಡೋಕಾಗ್ತಿರಲಿಲ್ಲ. ರಾಜ ಬರ್ತಿದ್ದಾನೆ ಅಂತ ಕೆಲಸದವರು ಸಿಳ್ಳೆ ಹಾಕಿ, ಅವನು ಹೋದ ಕಡೆ ಮಾತ್ರ ನೀರು ಬಿಡ್ತಿದ್ದರು!

ನನ್ನನ್ನ ಕೇಳಿದರೆ ಸೂರ್ಯ ಗಡಿಯಾರಕ್ಕೇ ಓಟು. ಪಂಪು ಬೇಡ, ಪಾಚಿ ಕಟ್ಟಲ್ಲ. ಆದರೆ ಚಂದ ಇದೆ ಅಂತ ಎಲ್ಲಿಂದಲೋ ತರಬೇಡಿ. ಅಡ್ಡವಾಗಿ ಕೂರಿಸೋ ಗಡಿಯಾರದಲ್ಲಿ ನೆರಳು ಬೀಳಿಸೋ ಪಟ್ಟಿಯ ಓರೆ ನಿಮ್ಮ ಊರಿನ ಅಕ್ಷಾಂಶಕ್ಕೆ ಸಮ ಇರಬೇಕು, ಆ ಪಟ್ಟಿ ನಿಜವಾದ ಧ್ರುವದ ದಿಕ್ಕಿಗಿರಬೇಕು. ದಿಕ್ಸೂಚಿ ತೋರಿಸೋ ಉತ್ತರ ಸ್ವಲ್ಪ ಬೇರೆಯೇ ಇರಬಹುದು. ಇಷ್ಟೆಲ್ಲ ಸರಿ ಮಾಡಿದರೂ ಭೂಮಿಯ ಅಕ್ಷದ ಓರೆ, ಅದು ಸೂರ್ಯನ ಸುತ್ತ ಸುತ್ತೋ ಅಂಡಾಕಾರದ ದಾರಿ, ಇವೆರಡರ ದೆಸೆಯಿಂದ ಫೆಬ್ರವರಿ ನಡುವೆ ಅದು ಸುಮಾರು 14 ನಿಮಿಷ ಹಿಂದೆ, ನವೆಂಬರ್ ಮೊದಲಲ್ಲಿ 16 ನಿಮಿಷ ಮುಂದೆ ಓಡುತ್ತೆ. ಜೊತೆಗೆ ಗಡಿಯಾರದ ಸಮಯಕ್ಕೂ ನಿಮ್ಮ ಊರಿನ ರೇಖಾಂಶಕ್ಕೂ ಇರೋ ವ್ಯತ್ಯಾಸ ಬೇರೆ. ಟೈಮ್ ನೋಡೋಕೆ ಮೊಬೈಲ್ ಇದ್ದೇ ಇದೆ ಬಿಡಿ.