ಅಮೆರಿಕದ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜು ನಮ್ಮ ಮಕ್ಕಳಿಗೆ ಸರಿಹೋಗುತ್ತಾ? ಪರ-ವಿರೋಧ

ಪರ: ಮೇಷ್ಟ್ರಿಗೆ ಹೆಸರು ಗೊತ್ತಿರೋ ಕಡೆ ಕಳಿಸಿ

ಇಲ್ಲಿ ನಮ್ಮ ಕನ್ನಡದೋರ ಮನೆಗಳಲ್ಲಿ ಹನ್ನೊಂದನೇ ಕ್ಲಾಸಿನ ಮಗು ಇದ್ರೆ ಊಟಕ್ಕೆ ಕೂತಾಗ ಬರೋ ಹೆಸರುಗಳು ಪರ್ಡ್ಯೂ, ಜಾರ್ಜಿಯಾ ಟೆಕ್, ಇಲಿನಾಯ್ ಥರದ ದೊಡ್ಡ ಯೂನಿವರ್ಸಿಟಿಗಳು ಅಷ್ಟೆ. ಲಿಬರಲ್ ಆರ್ಟ್ಸ್ ಕಾಲೇಜು, ಅಂದ್ರೆ ಸೈನ್ಸು, ಸಾಹಿತ್ಯ ಎಲ್ಲಾ ಕಲಿಸೋ, ಡಿಗ್ರಿ ಮಕ್ಕಳಿಗಂತಲೇ ಇರೋ ಚಿಕ್ಕ ಕಾಲೇಜುಗಳಾದ ಗ್ರಿನೆಲ್, ಕಾರ್ಲ್‌ಟನ್, ವಿಲಿಯಮ್ಸ್ ಹೆಸರು ಎತ್ತಿದ್ರೆ "ಅದೆಲ್ಲಾ ಹಿಸ್ಟರಿ, ಇಂಗ್ಲಿಷ್ ಓದೋರಿಗೆ ಬಿಡಿ" ಅಂತ ಮಾತು ಮುಗಿಸಿಬಿಡ್ತಾರೆ. ನಂಗೆ ಇದನ್ನ ಕೇಳಿದಾಗೆಲ್ಲಾ ಸಂಕಟ ಆಗುತ್ತೆ. ಕಂಪ್ಯೂಟರ್ ಚಿಪ್ ಮಾಡೋ ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ ಓದಿದ್ದು ಅಯೋವಾದ ಜೋಳದ ಹೊಲಗಳ ಮಧ್ಯೆ ಇರೋ ಗ್ರಿನೆಲ್‌ನಲ್ಲಿ. ಆ ಚಿಪ್‌ಗಳಿಗೆ ಮೂಲವಾದ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಕೊನೇಲಿ, ನಾಯ್ಸ್ ಡಿಗ್ರಿ ಮುಗಿಸಿದ್ದು 1949ರಲ್ಲಿ, ಅಷ್ಟರೊಳಗೆ ಅಲ್ಲಿನ ಫಿಸಿಕ್ಸ್ ಮೇಷ್ಟ್ರು ಗ್ರಾಂಟ್ ಗೇಲ್ ಹುಡುಗರಿಗೆ ಅದರ ಪಾಠಾನೂ ಮಾಡಿ ಆಗಿತ್ತು! 2020ರಲ್ಲಿ ಕೆಮಿಸ್ಟ್ರಿ ನೊಬೆಲ್ ತಗೊಂಡ ಜೆನಿಫರ್ ಡೌಡ್ನಾ ಪೊಮೋನಾ ಕಾಲೇಜಿನ ಹುಡುಗಿ. 1989ರಲ್ಲಿ ತಗೊಂಡ ಥಾಮಸ್ ಚೆಕ್ ಮತ್ತೆ ಗ್ರಿನೆಲ್.

ಇದಕ್ಕೆ ಕಾರಣ ಬಹಳ ಸರಳ. ಈ ಕಾಲೇಜುಗಳಲ್ಲಿ ಪಿಎಚ್‌ಡಿ ಓದೋರೇ ಇರಲ್ಲ. ಹಾಗಾಗಿ ಲ್ಯಾಬ್ ಕೆಲಸಕ್ಕೆ ಮೇಷ್ಟ್ರಿಗೆ ಸಿಗೋದು ಡಿಗ್ರಿ ಮಕ್ಕಳೇ, ಪಾಠ ಮಾಡೋದೂ ಮೇಷ್ಟ್ರೇ, ಪೇಪರ್ ತಿದ್ದೋದೂ ಮೇಷ್ಟ್ರೇ. ವಿಲಿಯಮ್ಸ್‌ನಲ್ಲಿ ಟ್ಯುಟೋರಿಯಲ್ ಅಂತ ಇದೆ, ಒಬ್ಬ ಪ್ರೊಫೆಸರ್ ಮುಂದೆ ಇಬ್ಬರೇ ವಿದ್ಯಾರ್ಥಿಗಳು, ಒಂದು ವಾರ ಒಬ್ಬರು ಪ್ರಬಂಧ ಬರ್ಕೊಂಡು ಬಂದ್ರೆ ಇನ್ನೊಬ್ಬರು ಅದನ್ನ ಬಿಡಿಸಿ ಬಿಡಿಸಿ ಪ್ರಶ್ನೆ ಮಾಡ್ಬೇಕು, ಮುಂದಿನ ವಾರ ಅದಲು ಬದಲು. ಹಿಂದಿನ ಬೆಂಚಲ್ಲಿ ಬಚ್ಚಿಟ್ಕೊಳ್ಳೋಕೆ ಅಲ್ಲಿ ಬೆಂಚೇ ಇರಲ್ಲ.

ನನ್ನ ಮಗಳ ವಿಷಯ ಹೇಳ್ಲೇಬೇಕು. ಬಾಯಿಬಿಟ್ಟು ಒಂದು ಡೌಟ್ ಕೇಳೋಳಲ್ಲ ಅವಳು, ಹೈಸ್ಕೂಲಲ್ಲಿ ನಾಲ್ಕು ವರ್ಷ ಒಬ್ಬ ಟೀಚರ್ ಹತ್ರಾನೂ ತಾನಾಗೇ ಹೋಗಿ ಮಾತಾಡಿರ್ಲಿಲ್ಲ. ಮಿನೆಸೋಟಾದ ಒಂದು ಚಿಕ್ಕ ಕಾಲೇಜು ಸೇರಿದ್ಲು. ಮೊದಲ ಚಳಿಗಾಲದಲ್ಲಿ ಜ್ವರ ಬಂದು ಎರಡು ಕ್ಲಾಸ್ ತಪ್ಪಿಸಿದ್ದಕ್ಕೆ ಕೆಮಿಸ್ಟ್ರಿ ಪ್ರೊಫೆಸರ್ ತಾವೇ ಮೇಲ್ ಮಾಡಿ, ಹುಷಾರಾದ ಮೇಲೆ ಆಫೀಸಲ್ಲಿ ಕೂರಿಸ್ಕೊಂಡು ಬಿಟ್ಟುಹೋದ ಪಾಠ ಹೇಳಿಕೊಟ್ರು. ಎರಡನೇ ವರ್ಷಕ್ಕೆ ಎನ್‌ಎಂಆರ್ ಮಷೀನು, ಅಂದ್ರೆ ಅಣುವಿನ ರಚನೆ ಹೇಗಿದೆ ಅಂತ ಪತ್ತೆ ಮಾಡೋ ಯಂತ್ರ, ಇವಳ ಕೈಗೇ ಬಂತು. ತಾನು ಮಾಡಿದ ಸ್ಯಾಂಪಲನ್ನ ಪೆನ್ಸಿಲ್‌ಗಿಂತ ತೆಳ್ಳಗಿನ ಗಾಜಿನ ಟ್ಯೂಬಿಗೆ ಹಾಕಿ, ಮಷೀನೊಳಗೆ ಇಳಿಸಿ, ಬಂದ ಗೆರೆಗಳಲ್ಲಿ ಯಾವುದು ಯಾವ ಹೈಡ್ರೋಜನ್ ಅಂತ ವಿಡಿಯೋ ಕಾಲಲ್ಲಿ ನಂಗೆ ತೋರಿಸ್ತಿದ್ಲು. ನಂಗೆ ಅರ್ಧ ಅರ್ಥ ಆಗ್ಲಿಲ್ಲ, ಆದ್ರೆ ಅವಳ ದನಿ ಕೇಳಿ ಕಣ್ಣು ತುಂಬಿ ಬಂತು. ಈಗ ಪಿಎಚ್‌ಡಿ ಮಾಡ್ತಿದಾಳೆ, ಅದೇ ಪ್ರೊಫೆಸರು ಬರೆದ ಶಿಫಾರಸು ಪತ್ರದಿಂದ.

ಖರ್ಚು ಜಾಸ್ತಿ ಅಂತಾರೆ. ಅಮೆರಿಕದಲ್ಲಿ ಯಾವ ಕಾಲೇಜು ಅಗ್ಗ ಹೇಳಿ? ಹೇಗೂ ಸಾಲ ಮಾಡೋರು ಮಗೂನ ಗುರುತಿಸೋ ಕಡೆಗೇ ಮಾಡಿ. ಮುನ್ನೂರು ಜನ ಕೂರೋ ಹಾಲ್‌ನಲ್ಲಿ ನಮ್ಮ ಸಂಕೋಚದ ಮಕ್ಕಳು ಕಳೆದುಹೋಗ್ತಾರೆ, ನಾಲ್ಕು ವರ್ಷ ಕಳೆದ್ರೂ ಒಬ್ಬ ಪ್ರೊಫೆಸರಿಗೂ ಹೆಸರು ಗೊತ್ತಾಗಲ್ಲ.

ವಿರೋಧ: ಲೆಕ್ಕ ಹಾಕಿ ನೋಡಿ

ವಿರೋಧದ ಕಡೆ ಬರೀರಿ ಅಂತ ಕೇಳಿದ್ರು, ಒಪ್ಪಿಕೊಂಡೆ. ಪೂರ್ತಿ ವಿರೋಧ ಅಂತೇನಿಲ್ಲ, ಆದ್ರೆ ಕೆಲವು ಮಾತು ಹೇಳಲೇಬೇಕು.

ಮೊದಲು ದುಡ್ಡು. ಹೆಸರಾಂತ ಚಿಕ್ಕ ಕಾಲೇಜುಗಳಲ್ಲಿ ಫೀಸು, ಊಟ, ರೂಮು ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತೆ. ಆಮ್‌ಹರ್ಸ್ಟ್, ವಿಲಿಯಮ್ಸ್ ಥರದವು ಮಾರ್ಕ್ಸ್ ನೋಡಿ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ, ಮನೆ ಆದಾಯ ನೋಡಿ ಕೊಡ್ತಾರೆ. ಆದಾಯ ಕಮ್ಮಿ ಇದ್ದೋರಿಗೆ ಧಾರಾಳವಾಗೇ ಕೊಡ್ತಾರೆ, ಅದು ನಿಜ. ಆದ್ರೆ ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿರೋ ನಮ್ಮಂಥೋರಿಗೆ ಬರೋದು ಅಷ್ಟಕ್ಕಷ್ಟೆ. ನ್ಯೂಜೆರ್ಸಿಯಲ್ಲಿರೋರಿಗೆ ಅಲ್ಲಿನ ಸ್ಟೇಟ್ ಯೂನಿವರ್ಸಿಟಿ ರಟ್ಗರ್ಸ್ ಇದರ ಅರ್ಧಕ್ಕಿಂತ ಕಮ್ಮೀಲಿ ಆಗುತ್ತೆ.

ಎರಡನೇದು ಎಂಜಿನಿಯರಿಂಗ್. ಸ್ವಾರ್ಥ್‌ಮೋರ್, ಸ್ಮಿತ್, ಹಾರ್ವೆ ಮಡ್ ಹೀಗೆ ಕೆಲವು ಬಿಟ್ರೆ ಬಹುತೇಕ ಕಡೆ ಇಲ್ಲವೇ ಇಲ್ಲ. ಮೂರು ವರ್ಷ ಇಲ್ಲಿ, ಎರಡು ವರ್ಷ ಕೊಲಂಬಿಯಾ ಥರದ ದೊಡ್ಡ ಯೂನಿವರ್ಸಿಟಿ ಕಡೆ ಅನ್ನೋ ವ್ಯವಸ್ಥೆ ಇದೆ, ಅಂದ್ರೆ ಐದು ವರ್ಷದ ಫೀಸು, ಮೂರು ವರ್ಷದ ಸ್ನೇಹಿತರನ್ನ ಬಿಟ್ಟು ಹೋಗ್ಬೇಕು. ಇನ್ನು ಎಲ್ಲರೂ ದುಂಡು ಮೇಜಿನ ಸುತ್ತ ಕೂತು ಚರ್ಚೆ ಮಾಡೋ ಕ್ಲಾಸುಗಳು, ಅಲ್ಲಿ ಜಾಸ್ತಿ ಮಾತಾಡಿದೋರಿಗೇ ಮಾರ್ಕ್ಸು ಅಂತ ನನ್ನ ಅಭಿಪ್ರಾಯ. ಸಂಕೋಚದ ಮಕ್ಕಳಿಗೆ ಅದು ಇನ್ನೂ ಹಿಂಸೆ.

ನಮ್ಮಣ್ಣನ ಮಗ ಮೈಸೂರಿಂದ ಬಂದು ಇಂಥ ಒಂದು ಕಾಲೇಜು ಸೇರಿದ್ದ. ಹೆಸರು ಬೇಡ. ಮೂರನೇ ವರ್ಷಕ್ಕೆ ಬೇಕಾಗಿದ್ದ ಕಂಪ್ಯೂಟರ್ ಸೈನ್ಸ್ ಕೋರ್ಸು ಎರಡು ವರ್ಷಕ್ಕೊಂದು ಸಲ ನಡೆಯೋದು, ಇವನ ಸರದಿ ಬಂದಾಗ ಮೇಷ್ಟ್ರು ರಜೆ ಮೇಲೆ ಹೋಗಿದ್ರು, ಬೇರೆ ಯಾರೂ ಇರ್ಲಿಲ್ಲ ಕಲಿಸೋಕೆ. ಊರಲ್ಲಿ ಬಸ್ಸಿಲ್ಲ, ಕಾರಿಲ್ದೆ ಅಕ್ಕಿ ಬೇಳೆ ತರೋಕೂ ಇನ್ನೊಬ್ಬರನ್ನ ಕೇಳ್ಬೇಕು, ಹಿಮ ಬಿದ್ರೆ ಅದೂ ಇಲ್ಲ. ರಾತ್ರಿ ಫೋನ್ ಮಾಡಿ "ಚಿಕ್ಕಪ್ಪ, ಇಲ್ಲಿ ಎಲ್ಲರಿಗೂ ನಾನು ಗೊತ್ತು, ಆದ್ರೆ ನನಗೆ ಬೇಕಾದ ಪಾಠ ಇಲ್ಲ" ಅಂದ. ಕೊನೆಗೆ ಸ್ಟೇಟ್ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ತಗೊಂಡ, ಅಲ್ಲಿ ಅದೇ ವಿಷಯಕ್ಕೆ ಒಂದೇ ಸೆಮಿಸ್ಟರಲ್ಲಿ ಮೂರು ಸೆಕ್ಷನ್ ಇತ್ತು.

ಇನ್ನೊಂದು, ಚಿಕ್ಕವು ಮುಚ್ಚಿಹೋಗೋದೂ ಉಂಟು. ವರ್ಮಾಂಟ್ ಒಂದರಲ್ಲೇ ಗ್ರೀನ್ ಮೌಂಟನ್ 2019ರಲ್ಲಿ, ಮಾರ್ಲ್‌ಬರೋ 2020ರಲ್ಲಿ ಬಾಗಿಲು ಹಾಕಿದವು. ಶ್ರೀಮಂತ ಕಾಲೇಜುಗಳಿಗೆ ಆ ಭಯ ಇಲ್ಲ, ಆದ್ರೆ ಎಲ್ಲರಿಗೂ ಅಲ್ಲಿ ಸೀಟು ಸಿಗಲ್ವಲ್ಲ. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿ ಐದು ಕಾಲೇಜು ಅಕ್ಕಪಕ್ಕ ಇದಾವೆ, ಒಂದರ ಮಕ್ಕಳು ಇನ್ನೊಂದರಲ್ಲಿ ಕೋರ್ಸ್ ತಗೋಬಹುದು, ಅಂಥ ಕಡೆ ನನ್ನ ತಕರಾರು ಕಮ್ಮಿ. ಉಳಿದ ಕಡೆ ಸೇರಿಸೋ ಮುಂಚೆ ವೆಬ್‌ಸೈಟಿನ ಕೋರ್ಸ್ ಪಟ್ಟಿ ನಂಬ್ಕೊಂಡು ಕೂರಬೇಡಿ. ಹಿಂದಿನ ಎರಡು ವರ್ಷದಲ್ಲಿ ಯಾವ ಕೋರ್ಸು ನಿಜವಾಗ್ಲೂ ನಡೀತು, ಯಾರು ಕಲಿಸಿದ್ರು ಅಂತ ರಿಜಿಸ್ಟ್ರಾರ್ ಆಫೀಸಿಗೆ ಬರೆದು ಕೇಳಿ, ಉತ್ತರ ಬಂದ ಮೇಲೆ ಅಡ್ವಾನ್ಸ್ ಕಟ್ಟಿ.