ಮೃತ ಸಮುದ್ರದ ತಳದಲ್ಲಿ ಉಪ್ಪಿನ ಮಳೆ

ಮೃತ ಸಮುದ್ರ ಅಂದ ಕೂಡಲೇ ಅದೇ ಫೋಟೋ. ಯಾರೋ ನೀರಿನ ಮೇಲೆ ಅಂಗಾತ ಮಲಗಿ ಪೇಪರ್ ಓದುತ್ತಿರುತ್ತಾರೆ. ನನಗಂತೂ ನೋಡಿ ನೋಡಿ ಸಾಕಾಗಿದೆ. ತೇಲುವುದು ಸೋಜಿಗವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಸರೋವರದ ನಿಜವಾದ ಕಾರುಬಾರು ನಡೆಯುವುದು ಕೆಳಗೆ, ತಳದಲ್ಲಿ.

ಹೌದು, ಸರೋವರ. ಸಮುದ್ರ ಅನ್ನುವುದು ಹೆಸರಿಗಷ್ಟೇ. ಅದರ ದಡವೇ ಸಮುದ್ರ ಮಟ್ಟಕ್ಕಿಂತ 430 ಮೀಟರಿಗೂ ಜಾಸ್ತಿ ಕೆಳಗಿದೆ. ಜೋರ್ಡಾನ್ ನದಿ ಒಳಗೆ ಬರುತ್ತದೆ, ನೀರು ಹೊರಗೆ ಹರಿಯಲು ದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ 35 ಗ್ರಾಂ ಲವಣ ಇದ್ದರೆ, ಇಲ್ಲಿ ಸುಮಾರು 340 ಗ್ರಾಂ!

ಇದೆಲ್ಲಾ ಅಡುಗೆ ಉಪ್ಪು ಅಂದುಕೊಂಡರೆ ತಪ್ಪು. ಜಾಸ್ತಿ ಇರುವುದು ಮೆಗ್ನೀಸಿಯಂ ಕ್ಲೋರೈಡ್. ಅದಕ್ಕೇ ಆ ನೀರು ನಾಲಿಗೆಗೆ ಕಹಿ, ಕೈಗೆ ಎಣ್ಣೆ ಸವರಿದ ಹಾಗೆ. ಹಾಗಾದರೆ ಅಡುಗೆ ಉಪ್ಪು ಎಲ್ಲಿ ಹೋಯಿತು? ಒಂದಷ್ಟು ನೀರಿನಲ್ಲಿದೆ. ಹಿಡಿಸಲಾರದಷ್ಟಾದದ್ದು ಹರಳುಗಟ್ಟಿ ಕೆಳಗಿಳಿಯುತ್ತದೆ.

ನನಗೆ ಹುಚ್ಚು ಹಿಡಿಸಿದ್ದು ಇದೇ. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾಗಿ, ಆವಿಯಾಗಿ, ಇನ್ನಷ್ಟು ಉಪ್ಪಾಗುತ್ತದೆ. ಅದರ ಸಣ್ಣ ಸಣ್ಣ ಎಳೆಗಳು ಕೆಳಗಿನ ತಣ್ಣನೆಯ ನೀರಿಗೆ ಇಳಿಯುತ್ತವೆ. ತಣ್ಣಗಾದ ಮೇಲೆ ಅಷ್ಟು ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಆಗ ಪುಟ್ಟ ಹರಳುಗಳು ಹಿಮ ಬಿದ್ದ ಹಾಗೆ ಸುಮ್ನೆ ಉದುರುತ್ತಾ ಇರುತ್ತವೆ. ಹೀಗೆ ತಳದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 10 ಸೆಂಟಿಮೀಟರ್ ಉಪ್ಪು ಕೂರುತ್ತದೆ. ಮೇಲೆ ಪೇಪರ್ ಓದುವವರಿಗೆ ಇದರ ಸುಳಿವೇ ಇರುವುದಿಲ್ಲ.

(ಮೀನು ಬದುಕುವುದಿಲ್ಲ, ನಿಜ. ಆದರೆ ಸೂಕ್ಷ್ಮಜೀವಿಗಳಿವೆ. 1992ರಲ್ಲಿ ಅವು ಎಷ್ಟು ಹೆಚ್ಚಿದವೆಂದರೆ ನೀರೇ ಕೆಂಪಾಗಿತ್ತು.)

ಸಾವಿರಾರು ವರ್ಷಗಳ ಹಿಂದೆ ಹೀಗೇ ಕೂತ ಉಪ್ಪಿನ ಪದರಗಳು ಈಗಿನ ದಡದ ಮಣ್ಣಿನಡಿಯಲ್ಲೂ ಇವೆ. ಜೋರ್ಡಾನ್ ನದಿಯ ನೀರನ್ನು ಸರೋವರಕ್ಕೆ ಬರುವ ಮೊದಲೇ ಬೇರೆಡೆಗೆ ತಿರುಗಿಸಿಕೊಂಡಿದ್ದರಿಂದ, ಖನಿಜ ತೆಗೆಯಲು ನೀರನ್ನು ಒಣಗಿಸುತ್ತಿರುವುದರಿಂದ, ಸರೋವರ ವರ್ಷಕ್ಕೆ ಒಂದು ಮೀಟರಿನಷ್ಟು ಇಳಿಯುತ್ತಿದೆ. ಉಪ್ಪುನೀರು ಹಿಂದೆ ಸರಿದ ಕಡೆಗೆ ನೆಲದೊಳಗಿನ ಸಿಹಿನೀರು ನುಗ್ಗುತ್ತದೆ. ಅದು ಆ ಪದರವನ್ನು ಕರಗಿಸುತ್ತದೆ, ಒಳಗೆ ಪೊಳ್ಳಾಗುತ್ತದೆ, ಒಂದು ದಿನ ಮೇಲಿನ ನೆಲ ದಿಢೀರನೆ ಕುಸಿಯುತ್ತದೆ. ಅಂಥ ಗುಂಡಿಗಳು ಈಗ ಸಾವಿರಾರು. ಜನ ತೇಲಲೆಂದೇ ಬರುತ್ತಿದ್ದ, ಇಸ್ರೇಲ್ ಕಡೆಯ ದಡದ ಐನ್ ಗೆದಿ ಬೀಚನ್ನು ಈ ಗುಂಡಿಗಳಿಗೆ ಹೆದರಿಯೇ ಮುಚ್ಚಿದ್ದಾರೆ.